ಹಿಡಿದು ಬಿಡುವ ಅಂಟು

ಆರನೆಯ ಶತಮಾನದ ವರಾಹಮಿಹಿರಾಚಾರ್ಯನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಒಂದು ಅಂಟನ್ನು ಮಾಡುವ ಕ್ರಮವನ್ನು ಹೇಳಿರುವನು. ಎಳೆಯ ಬೇಲದ ಕಾಯಿ, ಬೂರುಗದ ಹೂ, ಬಜೆ ಮೊದಲಾದುವನ್ನು ನೀರಿನಲ್ಲಿ ಹಾಕಿ ಎಂಟರಲ್ಲೊಂದು ಪಾಲು ಉಳಿಯುವವರೆಗೆ ಕಾಯಿಸಿ, ಆ ಕಷಾಯಕ್ಕೆ ಗುಗ್ಗುಳ, ಸರ್ಜರಸ, ಅಗಸೆ, ಬಿಲ್ವ ಇತ್ಯಾದಿಗಳನ್ನು ಅರೆದು ಬೆರೆಸಬೇಕು. ಬಿಸಿಯಾಗಿರುವಾಗಲೇ ಅದನ್ನು ದೇವಾಲಯ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿದರೆ ಕೋಟಿ ವರ್ಷ ನಿಲ್ಲುವುದೆಂದು ಆಚಾರ್ಯನ ಮಾತು. ಕೋಟಿ ವರ್ಷದ ಲೆಕ್ಕವನ್ನು ಒರೆಗೆ ಹಚ್ಚುವವರು ಯಾರೂ ಇಲ್ಲ. ಆದರೆ ಅಂಟಿನಿಂದ ಜನರು ಏನನ್ನು ಅಪೇಕ್ಷಿಸುತ್ತ ಬಂದಿರುವರೆಂಬುದು ಇದರಿಂದ ಚೆನ್ನಾಗಿ ತಿಳಿಯುವುದು. ಅಂಟು ಹಿಡಿದರೆ ಹಿಡಿಯಬೇಕು, ಬಿಡಕೂಡದು. ಬಿಟ್ಟ ಅಂಟು ಕೆಟ್ಟ ಅಂಟು.

ಈಗ ರಸಾಯನಶಾಸ್ತ್ರಜ್ಞರು ಇದಕ್ಕೆ ಬೇರೊಂದು ಗುಣವನ್ನೂ ಸೇರಿಸಿ ಕೇಳುತ್ತಿರುವರು. ವಸ್ತುವು ಉಪಯೋಗದಲ್ಲಿರುವಷ್ಟು ಕಾಲವೂ ವಜ್ರದಂತೆ ಹಿಡಿದಿದ್ದು, ಅದರ ಆಯುಸ್ಸು ತೀರಿದ ದಿನ, ನಾವು ಹೇಳಿದ ಒಂದು ಸಂಕೇತಕ್ಕೆ ಕೈಬಿಡುವ ಅಂಟು ಅವರಿಗೆ ಬೇಕಾಗಿದೆ. ಇದೇನು ವಿಚಿತ್ರವಾದ ಹಂಬಲವೆಂದು ವಾಚಕರಿಗೆ ತೋರಬಹುದು. ನಿಜವಾಗಿ ನೋಡಿದರೆ ನಮ್ಮ ಹಿರಿಯರ ಮನೆಗಳಲ್ಲಿ ಇಂತಹ ಅಂಟುಗಳು ತುಂಬಿದ್ದುವು.

ವೀಣೆಯನ್ನು ನೋಡಿರಿ. ಅದರ ದಂಡಿಯ ಮೇಲಿನ ಇಪ್ಪತ್ತನಾಲ್ಕು ಲೋಹದ ಮೆಟ್ಟುಗಳನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ; ಮಸಿ ಬೆರೆಸಿದ ಮೇಣದಲ್ಲಿ ನಿಲ್ಲಿಸಿರುವರು. ನುಡಿಸಿ ನುಡಿಸಿ ಮೆಟ್ಟುಗಳು ಸವೆದು ಸ್ವರಸ್ಥಾನಗಳು ಕದಲಿದಾಗ, ಮೇಳ ಕಟ್ಟುವವನು ಮೇಣವನ್ನು ಕಾಯಿಸಿ ಮೆತುಮಾಡಿ, ಮೆಟ್ಟುಗಳನ್ನು ತೆಗೆದು ಸರಿಪಡಿಸಿ, ಕಿವಿಯಿಂದ ಸ್ವರವನ್ನು ಪರೀಕ್ಷಿಸುತ್ತ ಮತ್ತೆ ಕೂರಿಸುವನು. ಮರಕ್ಕೂ ಲೋಹಕ್ಕೂ ಯಾವ ಕೇಡೂ ಇಲ್ಲ. ಮೇಣದ ಬದಲು ಇಂದಿನ ಗಟ್ಟಿ ಅಂಟನ್ನು ಹಾಕಿದ್ದರೆ, ಒಂದು ಮೆಟ್ಟನ್ನು ಕದಲಿಸಲು ದಂಡಿಯನ್ನೇ ಕೆತ್ತಬೇಕಾಗುತ್ತಿದ್ದಿತು. ಪಿಟೀಲಿನ ಕಥೆಯೂ ಹೀಗೆಯೇ. ತೊಗಲು ಮೂಳೆಗಳನ್ನು ಕುದಿಸಿ ತೆಗೆದ ಅಂಟಿನಿಂದ ಅದರ ಮೇಲುಹಲಗೆಯನ್ನು ಅಂಟಿಸಿರುವರು. ಒಳಗೆ ಬಿರುಕು ಬಂದರೆ ತೆಳುವಾದ ಅಲಗನ್ನೂ ಸ್ವಲ್ಪ ಬೆಚ್ಚನೆಯ ನೀರನ್ನೂ ಉಪಯೋಗಿಸಿ ಹಲಗೆಯನ್ನು ಬಿಡಿಸಿ, ರಿಪೇರಿ ಮಾಡಿ, ಮತ್ತೆ ಮುಚ್ಚಬಹುದು. ಮುನ್ನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಮಾಡಿದ ಪಿಟೀಲುಗಳು ಇಂದಿಗೂ ಕಛೇರಿಗಳಲ್ಲಿ ನುಡಿಯುತ್ತಿರುವುದಕ್ಕೆ ಅವುಗಳ ಮರದ ಗುಣವೆಷ್ಟು ಕಾರಣವೋ ಬಿಡಿಸಲು ಬರುವ ಅಂಟೂ ಅಷ್ಟೇ ಕಾರಣವೆಂದರೆ ತಪ್ಪಾಗಲಾರದು. ಅಕ್ಕಸಾಲಿಗನು ಚಿತ್ತಾರ ಕೊರೆಯುವಾಗ ಒಡವೆಯನ್ನು ಬಿಸಿಯಾದ ಅರಗಿನಲ್ಲಿ ಕೂರಿಸಿಕೊಳ್ಳುವನು, ಕೆಲಸ ಮುಗಿದಮೇಲೆ ಮತ್ತೆ ಕಾಯಿಸಿ ಬಿಡಿಸಿಕೊಳ್ಳುವನು. ಪುಸ್ತಕದ ರಟ್ಟು ಕಟ್ಟುವವರು ಬಳಸುವ ಹಿಟ್ಟಿನ ಸರಿಯೂ, ಹಳೆಯ ಅಂಚೆಚೀಟಿಗಳ ಹಿಂಬದಿಯ ಗೋಂದೂ ನೀರಿಗೆ ಬಿಡುವಂತಹವು. ಹಣೆಗೆ ಮೊದಲು ಮೇಣವನ್ನು ತೀಡಿ ಅದರ ಮೇಲೆ ಕುಂಕುಮವನ್ನಿಡುತ್ತಿದ್ದ ಅಜ್ಜಿಯರಿಗೆ ಈ ತತ್ತ್ವವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಗಾದರೆ ಇಂತಹ ಒಳ್ಳೆಯ ಅಂಟುಗಳನ್ನು ಲೋಕವು ಏಕೆ ಕೈಬಿಟ್ಟಿತು? ಉತ್ತರವು ಸ್ಪಷ್ಟ. ಯಾವ ನೀರಿಗೆ, ಯಾವ ಶಾಖಕ್ಕೆ ನಾವು ಬೇಕೆಂದಾಗ ಬಿಡುವುದೋ, ಅದೇ ನೀರಿಗೆ, ಅದೇ ಶಾಖಕ್ಕೆ ಬೇಡವೆಂದಾಗಲೂ ಬಿಡುವುದು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಮಾಸ್ಕಿಟೋ ವಿಮಾನವು ೧೯೪೦ರ ನವೆಂಬರಿನಲ್ಲಿ ಮೊದಲು ಹಾರಿತು. ಅದರ ಮೈಯೆಲ್ಲ ಮರ. ಭೂರ್ಜ ಜಾತಿಯ ಮರದ ತೆಳುಹಲಗೆಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಅಂಟಿಸಿದ ಮೈ. ಮೊದಲಲ್ಲಿ ಅಂಟಿಸಿದುದು ಹಾಲನ್ನು ಒಡೆಸಿ ಪಡೆದ ಕೇಸೀನ್ ಎಂಬ ಪದಾರ್ಥದ ಅಂಟಿನಿಂದ. ಇಂಗ್ಲೆಂಡಿನ ಚಳಿಯಲ್ಲಿ ಅದು ನಿಂತಿತು. ಉಷ್ಣದೇಶಗಳ ಸೆಕೆಗೂ ತೇವಕ್ಕೂ ನಿಲ್ಲಲಿಲ್ಲ. ಬೂಷ್ಟು ಹಿಡಿದು ಕೀಲುಗಳು ಸಡಿಲಿದುವು. ೧೯೪೪ರಲ್ಲಿ ಭಾರತದಲ್ಲಿದ್ದ ಕೆಲವು ಮಾಸ್ಕಿಟೋಗಳ ರೆಕ್ಕೆಗಳು ಮುರಿದಾಗ, ತಯಾರಿಕೆಯ ಲೋಪವೋ ಹವೆಯ ದೋಷವೋ ಎಂದು ದೊಡ್ಡ ವಿಚಾರಣೆಯೇ ನಡೆಯಿತು. ಅಷ್ಟರೊಳಗೆ ಕೇಸೀನನ್ನು ಬಿಟ್ಟು, ನೀರಿಗೂ ಬೂಷ್ಟಿಗೂ ಜಗ್ಗದ ಕೃತಕ ರಾಳದ ಅಂಟು ಬಳಕೆಗೆ ಬಂದಿದ್ದಿತು. ವಿಮಾನದಲ್ಲಿ ಕುಳಿತವನ ಪ್ರಾಣವು ಅಂಟಿನ ಮೇಲೆ ನಿಂತಿರುವಾಗ ಬಿಡದ ಅಂಟನ್ನೇ ಆರಿಸಿಕೊಳ್ಳುವುದು ನ್ಯಾಯ. ಇದನ್ನು ಮರೆತು ಹಳೆಯದೆಲ್ಲ ಹಿತವೆಂದು ಹಾಡುವುದು ಸರಿಯಲ್ಲ.

ಈ ಕೃತಕ ರಾಳಗಳ ಸ್ವಭಾವವನ್ನು ಅಡಿಗೆಮನೆಯ ಉದಾಹರಣೆಯಿಂದ ತಿಳಿಯಬಹುದು. ಬೆಣ್ಣೆಯನ್ನು ಕಾಯಿಸಿದರೆ ಕರಗುವುದು, ಆರಿದರೆ ಗಟ್ಟಿಯಾಗುವುದು, ಮತ್ತೆ ಕಾಯಿಸಿದರೆ ಮತ್ತೆ ಕರಗುವುದು. ಇಡ್ಲಿಯ ಹಿಟ್ಟು ಹಾಗಲ್ಲ. ಒಮ್ಮೆ ಬೆಂದ ಇಡ್ಲಿಯನ್ನು ಎಷ್ಟು ಕಾಯಿಸಿದರೂ ಅದು ತಿರುಗಿ ಹಿಟ್ಟಾಗಲಾರದು. ಪ್ಲಾಸ್ಟಿಕ್‌ಗಳಲ್ಲಿಯೂ ಇವೇ ಎರಡು ಕುಲಗಳು. ೧೯೦೭ರಲ್ಲಿ ಬೇಕ್‌ಲಂಡ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದ ಬೇಕಲೈಟ್ ಇಡ್ಲಿಯ ಕುಲದ್ದು. ೧೯೩೦ ಮತ್ತು ೧೯೪೦ರ ದಶಕಗಳಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೂ ಅಮೆರಿಕೆಯಲ್ಲಿಯೂ ಹುಟ್ಟಿದ ಎಪಾಕ್ಸಿ ರಾಳವೂ ಅದೇ ಕುಲದ್ದು. ಎರಡು ಕೊಳವೆಗಳಿಂದ ಎರಡು ಪದಾರ್ಥಗಳನ್ನು ಹಿಂಡಿ ಬೆರೆಸಿ ಒಡೆದ ಪಿಂಗಾಣಿಯನ್ನು ಅಂಟಿಸುವ ಆರಾಲ್ಡೈಟನ್ನು ಅನೇಕ ಗೃಹಿಣಿಯರು ಬಲ್ಲರು. ಒಂದು ಕೊಳವೆಯಲ್ಲಿರುವುದು ರಾಳ, ಇನ್ನೊಂದರಲ್ಲಿರುವುದು ಗಟ್ಟಿಗೊಳಿಸುವ ದ್ರವ. ಇವೆರಡೂ ಬೆರೆತಾಗ ಅಣುಗಳ ಉದ್ದನೆಯ ಎಳೆಗಳ ನಡುವೆ ಅಡ್ಡಕೊಂಡಿಗಳು ಬಿದ್ದು, ಇಡೀ ಅಂಟು ಒಂದೇ ಬಲೆಯಾಗಿಬಿಡುವುದು. ಈ ಬಲೆಯು ಕರಗದು, ಹರಿಯದು. ಮಿತಿಮೀರಿ ಕಾಯಿಸಿದರೆ ಕರಿಕಾಗುವುದು, ಅಷ್ಟೆ.

ಒಡೆದ ಬಟ್ಟಲಿಗೆ ಇದರಿಂದ ತೊಂದರೆಯೇನೂ ಇಲ್ಲ. ತೊಂದರೆ ಬಂದುದು ಈ ರಾಳವನ್ನು ನಾರಿನೊಡನೆ ಕೂಡಿಸಿ ದೊಡ್ಡ ದೊಡ್ಡ ವಸ್ತುಗಳನ್ನು ಮಾಡಲು ಪ್ರಾರಂಭಿಸಿದಮೇಲೆ. ಹುಲ್ಲು ಬೆರೆಸಿದ ಕೆಸರಿನಿಂದ ಗೋಡೆಯಿಟ್ಟವರಿಗೆ ಈ ಯುಕ್ತಿಯು ಹೊಸದಲ್ಲ. ಕೆಸರು ಹುಲ್ಲನ್ನು ಹಿಡಿದುಕೊಳ್ಳುವುದು, ಹುಲ್ಲು ಕೆಸರನ್ನು ಬಿರಿಯಗೊಡದು. ಕೆಸರಿನ ಬದಲು ಎಪಾಕ್ಸಿ, ಹುಲ್ಲಿನ ಬದಲು ಗಾಜಿನ ಅಥವಾ ಇಂಗಾಲದ ನವುರಾದ ಎಳೆಗಳು ಎಂದುಕೊಂಡರೆ ಅದೇ ಇಂದಿನ ಸಂಯೋಜಿತ ವಸ್ತು. ಉಕ್ಕಿಗಿಂತ ಬಹಳ ಹಗುರ, ತುಕ್ಕು ಹಿಡಿಯದು, ಬೇಕಾದ ಆಕಾರಕ್ಕೆ ಒಗ್ಗುವುದು. ೨೦೦೯ರಲ್ಲಿ ಮೊದಲು ಹಾರಿದ ಬೋಯಿಂಗ್ ೭೮೭ ವಿಮಾನದ ತೂಕದಲ್ಲಿ ಸುಮಾರು ಅರ್ಧಪಾಲು ಇದೇ ವಸ್ತು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ಹೊರಮೈಯ ಬಹುಭಾಗವೂ ಇಂಗಾಲದ ಎಳೆಗಳದೇ.

ಆದರೆ ಈ ವಸ್ತುವಿನ ರಾಶಿ ಕಣ್ಣಿಗೆ ಬೀಳುವುದು ವಿಮಾನದಲ್ಲಿ ಅಲ್ಲ, ಗಾಳಿಯಂತ್ರದಲ್ಲಿ. ಚಿತ್ರದುರ್ಗದ ಗುಡ್ಡಗಳ ಸಾಲಿನಲ್ಲಿಯೂ ಗದಗಿನ ಸೀಮೆಯಲ್ಲಿಯೂ ತಿರುಗುತ್ತಿರುವ ಆ ಬಿಳಿಯ ರೆಕ್ಕೆಗಳನ್ನು ರೈಲಿನಲ್ಲಿ ಹೋಗುವವರು ನೋಡಿರಬಹುದು. ಅವು ಗಾಜಿನ ನಾರು ಮತ್ತು ರಾಳದ ಸಂಯೋಜನೆ. ಎರಡು ಚಿಪ್ಪುಗಳಾಗಿ ಎರಕಹೊಯ್ದು, ಅಂಚುಗಳನ್ನು ಅಂಟಿನಿಂದ ಕೂಡಿಸಿರುವರು. ಇಂತಹ ಯಂತ್ರದ ಆಯುಸ್ಸು ಇಪ್ಪತ್ತರಿಂದ ಇಪ್ಪತ್ತೈದು ವರ್ಷವೆಂದು ಎಣಿಕೆ. ಆಯುಸ್ಸು ತೀರಿದಾಗ ಗೋಪುರದ ಉಕ್ಕು ಕುಲುಮೆಗೆ ಹೋಗುವುದು, ತಾಮ್ರವು ತಾಮ್ರದ ವ್ಯಾಪಾರಿಗೆ ಹೋಗುವುದು. ರೆಕ್ಕೆಯನ್ನು ಮಾತ್ರ ಕೇಳುವವರಿಲ್ಲ. ಅಮೆರಿಕೆಯ ವೈಯೋಮಿಂಗ್ ಸಂಸ್ಥಾನದ ಕ್ಯಾಸ್ಪರ್ ಪಟ್ಟಣದಲ್ಲಿ ಇವನ್ನು ತುಂಡರಿಸಿ ಸಾಲಾಗಿ ನೆಲದಲ್ಲಿ ಹೂಳುತ್ತಿರುವ ಚಿತ್ರಗಳು ೨೦೨೦ರಲ್ಲಿ ಲೋಕವನ್ನೆಲ್ಲ ಸುತ್ತಿ, ಶುದ್ಧವಾದ ವಿದ್ಯುತ್ತೆಂದು ಹೊಗಳುತ್ತಿದ್ದವರನ್ನು ಮುಜುಗರಕ್ಕೆ ಗುರಿಮಾಡಿದುವು. ಜರ್ಮನಿಯಲ್ಲಿ ಇವನ್ನು ಪುಡಿಮಾಡಿ ಸಿಮೆಂಟಿನ ಗೂಡಿಗೆ ಹಾಕುವ ಪದ್ಧತಿಯುಂಟು. ರಾಳವು ಉರುವಲಾಗುವುದು, ಗಾಜು ಸಿಮೆಂಟಿಗೆ ಸೇರುವುದು. ಹೂಳುವುದಕ್ಕಿಂತ ಇದು ಮೇಲು. ಆದರೂ ಅಷ್ಟು ಶ್ರಮದಿಂದ ಮಾಡಿದ ನಾರು ಮತ್ತೆ ನಾರಾಗಿ ಬರಲಿಲ್ಲವಷ್ಟೆ. ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿ ರಾಳವನ್ನು ಆವಿಮಾಡಿ ತೆಗೆದರೆ ನಾರು ಉಳಿಯುವುದು ನಿಜ. ಆದರೆ ಆ ಶಾಖಕ್ಕೆ ಗಾಜಿನ ಎಳೆಯು ತನ್ನ ಬಲದ ಬಹುಭಾಗವನ್ನು ಕಳೆದುಕೊಳ್ಳುವುದು.

ಆದುದರಿಂದ ಯೋಚನೆಯು ಬೇರೆಯ ದಿಕ್ಕಿಗೆ ತಿರುಗಿತು. ಸತ್ತಮೇಲೆ ಬಲೆಯನ್ನು ಹರಿಯಲು ಹೆಣಗುವುದರ ಬದಲು, ಹೆಣೆಯುವಾಗಲೇ ಕೆಲವು ಗಂಟುಗಳನ್ನು ಬಿಚ್ಚಲು ಬರುವಂತೆ ಏಕೆ ಹಾಕಬಾರದು? ಎಳೆಗಳನ್ನು ಹಾಗೆಯೇ ಬಿಟ್ಟು, ಅಡ್ಡಕೊಂಡಿಗಳನ್ನು ಮಾತ್ರ ಬದಲಾಯಿಸಿದರಾಯಿತು. ಈ ತತ್ತ್ವದಿಂದ ಅಮೆರಿಕೆಯಲ್ಲಿ ಮೊದಲು ಹುಟ್ಟಿ, ಅನಂತರ ನಮ್ಮ ದೇಶದ ಆದಿತ್ಯ ಬಿರ್ಲಾ ಸಂಸ್ಥೆಯ ಕೈಸೇರಿದ ರೀಸೈಕ್ಲಮೀನ್ ಎಂಬುದೊಂದು ಗಟ್ಟಿಗೊಳಿಸುವ ದ್ರವವಿದೆ. ಇದರಿಂದ ಗಟ್ಟಿಯಾದ ಎಪಾಕ್ಸಿಯು ಮಳೆ ಬಿಸಿಲುಗಳಿಗೆ ಜಗ್ಗದು. ಬೆಚ್ಚಗೆ ಕಾಯಿಸಿದ ಮೃದುವಾದ ಆಮ್ಲದ್ರಾವಣದಲ್ಲಿ ನೆನೆಯಿಟ್ಟರೆ ಮಾತ್ರ ಅದರ ಕೊಂಡಿಗಳು ಕಳಚಿಕೊಂಡು, ಬಲೆಯು ಬಿಡಿ ಎಳೆಗಳಾಗಿ ದ್ರಾವಣದೊಳಗೆ ಇಳಿಯುವುದು. ನಾರನ್ನು ಎತ್ತಿ ತೊಳೆದುಕೊಳ್ಳಬಹುದು. ರಾಳವನ್ನೂ ದ್ರಾವಣದಿಂದ ಬೇರ್ಪಡಿಸಿದರೆ ಅದು ಈಗ ಬೆಣ್ಣೆಯ ಕುಲದ ಪ್ಲಾಸ್ಟಿಕ್ ಆಗಿರುವುದು, ಅಚ್ಚಿಗೆ ಹೊಯ್ದು ಬೇರೆ ವಸ್ತುವನ್ನು ಮಾಡಬಹುದು. ಹುಣಿಸೆಹುಳಿಯಿಂದ ತಾಮ್ರದ ಬಿಂದಿಗೆಯ ಕಿಲುಬನ್ನು ಬಿಡಿಸುವಂತೆ ಎನ್ನೋಣವೇ? ರಸಾಯನದ ಬಗೆ ಬೇರೆ. ಆದರೆ ಬಿಂದಿಗೆ ಉಳಿದು ಕಿಲುಬು ಹೋಗುವ ಭಾವವು ಅದೇ. ಸೀಮೆನ್ಸ್ ಗಮೇಸಾ ಸಂಸ್ಥೆಯವರು ಈ ರಾಳದಿಂದ ಮಾಡಿದ ರೆಕ್ಕೆಗಳನ್ನು ೨೦೨೧ರಲ್ಲಿ ಪ್ರಕಟಪಡಿಸಿದರು. ಡೆನ್ಮಾರ್ಕಿನ ಆಲ್ಬೋರ್ಗ್ ಕಾರ್ಖಾನೆಯಲ್ಲಿ ತಯಾರಾದ, ಒಂದೊಂದೂ ೮೧ ಮೀಟರು ಉದ್ದದ ಮೊದಲಿನ ಆರು ರೆಕ್ಕೆಗಳ ತರುವಾಯ, ೨೦೨೨ರಲ್ಲಿ ಜರ್ಮನಿಯ ಕರಾವಳಿಯಾಚೆ ಕಾಸ್ಕಾಸಿ ಎಂಬಲ್ಲಿ ಸಮುದ್ರದ ನಡುವೆ ಅಂತಹ ರೆಕ್ಕೆಗಳು ತಿರುಗತೊಡಗಿದುವು.

ಆಮ್ಲದ ಬದಲು ಶಾಖವನ್ನೇ ಕೀಲಿಕೈ ಮಾಡಿಕೊಂಡವರೂ ಉಂಟು. ಡೀಲ್ಸ್ ಮತ್ತು ಆಲ್ಡರ್ ಎಂಬ ಜರ್ಮನಿಯ ಗುರುಶಿಷ್ಯರು ೧೯೨೮ರಲ್ಲಿ ವಿವರಿಸಿ, ೧೯೫೦ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಒಂದು ರಾಸಾಯನಿಕ ಕ್ರಿಯೆಯಲ್ಲಿ ಎರಡು ಅಣುಗಳು ಹದವಾದ ಶಾಖದಲ್ಲಿ ಕೈಹಿಡಿಯುವುವು. ಹೆಚ್ಚು ಶಾಖದಲ್ಲಿ ಕೈಬಿಡುವುವು. ಆರಿಸಿದರೆ ಮತ್ತೆ ಹಿಡಿಯುವುವು. ಈ ಜೋಡಿಯಲ್ಲಿ ಒಂದಾದ ಫ್ಯೂರಾನನ್ನು ಜೋಳದ ದಿಂಡು, ಕಬ್ಬಿನ ಸಿಪ್ಪೆ, ಹೊಟ್ಟು ಮೊದಲಾದ ಬೇಸಾಯದ ಕಸದಿಂದ ತೆಗೆಯಲು ಬರುವುದೆಂಬುದು ನಮ್ಮಂತಹ ಒಕ್ಕಲುತನದ ದೇಶಕ್ಕೆ ಗಮನಾರ್ಹವಾದ ಸಂಗತಿ. ೨೦೦೨ರಲ್ಲಿ ಕ್ಯಾಲಿಫೋರ್ನಿಯಾದ ವಿದ್ವಾಂಸರು ಇಂತಹ ಬಂಧಗಳಿಂದಲೇ ಹೆಣೆದ ಒಂದು ಗಟ್ಟಿ ಪ್ಲಾಸ್ಟಿಕ್ಕನ್ನು ಮಾಡಿ, ಅದರಲ್ಲಿ ಬಿರುಕು ಬಿಟ್ಟಾಗ ಸುಮಾರು ೧೨೦ ಡಿಗ್ರಿಯವರೆಗೆ ಕಾಯಿಸಿ ಆರಿಸಿದರೆ ಬಿರುಕು ತಾನೇ ಕೂಡಿಕೊಳ್ಳುವುದೆಂದು ತೋರಿಸಿದರು. ಅದೇ ಗುಣವನ್ನು ಅಂಟಿಗೆ ಕೊಟ್ಟರೆ, ಕಾಯಿಸಿ ಬಿಡಿಸಿ, ಬಿಡಿಸಿದ ಭಾಗಗಳನ್ನು ಮತ್ತೆ ಅಂಟಿಸಲು ಬರುವುದು.

೨೦೧೧ರಲ್ಲಿ ಪ್ಯಾರಿಸ್ಸಿನ ಲೂಡ್ವಿಕ್ ಲೈಬ್ಲರನೂ ಅವನ ಜೊತೆಗಾರರೂ ಕಂಡುಹಿಡಿದುದು ಇನ್ನೂ ಚಮತ್ಕಾರವಾದುದು. ಕೋಲಾಟವಾಡುವಾಗ ಪ್ರತಿಯೊಬ್ಬನೂ ಕ್ಷಣಕ್ಷಣಕ್ಕೂ ಜೊತೆಗಾರನನ್ನು ಬದಲಾಯಿಸುತ್ತಿದ್ದರೂ ಮಂಡಲವು ಮುರಿಯುವುದಿಲ್ಲ. ಹಾಗೆಯೇ ಇವರ ಎಪಾಕ್ಸಿಯಲ್ಲಿ, ಶಾಖ ಕೊಟ್ಟಾಗ, ಒಂದು ಕೊಂಡಿಯು ಹಳೆಯ ಜೊತೆಯನ್ನು ಬಿಡುತ್ತಿರುವಂತೆಯೇ ಹೊಸ ಜೊತೆಯನ್ನು ಹಿಡಿಯುವುದು. ಒಟ್ಟು ಕೊಂಡಿಗಳ ಸಂಖ್ಯೆಯು ಕುಂದುವುದಿಲ್ಲ. ಆದುದರಿಂದ ವಸ್ತುವು ಕರಗಿ ನೀರಾಗದೆ, ಬಿಸಿಯಾದ ಗಾಜಿನಂತೆ ಮೆಲ್ಲಗೆ ಬಗ್ಗಿ ಬೇರೆಯ ಆಕಾರವನ್ನು ತಾಳುವುದು. ಗಾಜಿನ ಲ್ಯಾಟಿನ್ ಹೆಸರಿನಿಂದ ಇದಕ್ಕೆ ವಿಟ್ರಿಮರ್ ಎಂದು ಹೆಸರಿಟ್ಟರು. ೨೦೧೬ರಲ್ಲಿ ಸ್ಪೇಯಿನಿನ ಸಂಶೋಧಕರು ಇದೇ ಕೆಲಸವನ್ನು ಗಂಧಕದ ಜೋಡಿಕೊಂಡಿಗಳಿಂದ ಮಾಡಿಸಿ, ನಾರು ಸೇರಿದ ಸಂಯೋಜಿತ ವಸ್ತುವನ್ನೇ ಮತ್ತೆ ಮತ್ತೆ ರೂಪಿಸಿ ತೋರಿಸಿದರು. ಗಂಧಕದ ಈ ಕೊಂಡಿಯು ನಮ್ಮ ತಲೆಗೂದಲಿನಲ್ಲಿಯೂ ಇರುವುದು. ಕೂದಲನ್ನು ಗುಂಗುರು ಮಾಡಿಸಿಕೊಳ್ಳುವ ಹೆಂಗಳೆಯರಿಗೆ ಕ್ಷೌರಶಾಲೆಯಲ್ಲಿ ಮೊದಲು ಹಚ್ಚುವ ದ್ರವವು ಆ ಕೊಂಡಿಗಳನ್ನು ಬಿಚ್ಚುವುದು, ಸುರುಳಿಗೆ ಸುತ್ತಿದಮೇಲೆ ಹಚ್ಚುವ ಎರಡನೆಯ ದ್ರವವು ಅವನ್ನು ಹೊಸ ಜಾಗದಲ್ಲಿ ಮತ್ತೆ ಹೊಂದಿಸುವುದು.

ಇಷ್ಟು ದೂರದ ಮಾತುಗಳ ನಡುವೆ ನಮ್ಮ ಕಿಸೆಗೇ ಬಂದಿರುವ ಒಂದು ಪ್ರಯೋಗವನ್ನು ಹೇಳಬೇಕು. ಮೊಬೈಲ್ ಫೋನಿನ ಬ್ಯಾಟರಿಯು ಬಳಸಿ ಬಳಸಿ ಸೊರಗುವುದು. ಉಳಿದ ಯಂತ್ರವು ಚೆನ್ನಾಗಿಯೇ ಇರುವುದು. ಹಿಂದೆ ಮುಚ್ಚಳ ತೆಗೆದು ಹೊಸ ಬ್ಯಾಟರಿ ಹಾಕಬಹುದಾಗಿತ್ತು. ಫೋನು ತೆಳುವಾಗಬೇಕೆಂಬ ಮೋಹದಲ್ಲಿ ಬ್ಯಾಟರಿಯನ್ನು ಒಳಗೆ ಅಂಟಿಸಿಬಿಟ್ಟರು. ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಕಡೆಗಳಲ್ಲಿ ರಿಪೇರಿಗೆ ಕೂರುವ ಹುಡುಗರು ಫೋನನ್ನು ಕಾಯಿಸಿ, ತೆಳುವಾದ ಪಟ್ಟಿಯನ್ನು ತೂರಿಸಿ, ಉಸಿರು ಬಿಗಿಹಿಡಿದು ಇದನ್ನು ಎಬ್ಬಿಸಬೇಕು. ಲಿಥಿಯಂ ಬ್ಯಾಟರಿಯು ಬಗ್ಗಿದರೆ ಅಥವಾ ತೂತಾದರೆ ಹೊತ್ತಿಕೊಳ್ಳುವುದು. ಅಂಟಿನ ಮೊಂಡುತನಕ್ಕೆ ತೆರಬೇಕಾದವರು ಆ ಹುಡುಗರು, ಬೆರಳುಗಳಿಂದಲೂ ಕಣ್ಣುಗಳಿಂದಲೂ. ೨೦೨೪ರಲ್ಲಿ ಬಂದ ಐಫೋನ್ ೧೬ರಲ್ಲಿ ಆಪಲ್ ಸಂಸ್ಥೆಯವರು ಬೇರೆ ಬಗೆಯ ಅಂಟನ್ನು ಉಪಯೋಗಿಸಿದರು. ಒಂಬತ್ತು ವೋಲ್ಟಿನ ಸಾಧಾರಣ ಬ್ಯಾಟರಿಯ ಎರಡು ತಂತಿಗಳನ್ನು ಗೊತ್ತಾದ ಜಾಗಗಳಿಗೆ ಮುಟ್ಟಿಸಿ ಸುಮಾರು ಒಂದೂವರೆ ನಿಮಿಷ ಹಿಡಿದರೆ, ವಿದ್ಯುತ್ತು ಹರಿದು ಅಂಟು ಒಂದು ಮಗ್ಗುಲಿನಿಂದ ತಾನಾಗಿ ಬಿಡುವುದು. ಇದನ್ನು ಆ ಸಂಸ್ಥೆಯ ಧರ್ಮಬುದ್ಧಿಯೆಂದು ಭಾವಿಸಬೇಕಾಗಿಲ್ಲ. ಫೋನು ಮೊದಲಾದುವುಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಹಾಕಲು ಬರಬೇಕೆಂದು ಯೂರೋಪಿನ ಒಕ್ಕೂಟವು ೨೦೨೩ರಲ್ಲಿ ಶಾಸನಮಾಡಿ, ಕೆಲವು ವಿನಾಯಿತಿಗಳೊಡನೆ ೨೦೨೭ರ ಫೆಬ್ರವರಿ ೧೮ನೆಯ ತಾರೀಖನ್ನು ಅದಕ್ಕೆ ಗೊತ್ತುಪಡಿಸಿತು. ದಂಡದ ಭಯವು ಹತ್ತಿರ ಬಂದಾಗ ಬುದ್ಧಿಯು ಚುರುಕಾಗುವುದು ಲೋಕರೂಢಿ.

ಇನ್ನು ಇದರಲ್ಲಿರುವ ತೊಡಕುಗಳನ್ನು ಮುಚ್ಚಿಡುವುದು ಸರಿಯಲ್ಲ. ಗಾಳಿಗೆ ತೆರೆದುಕೊಳ್ಳುವ ಅಗುಳಿಯು ಅಗುಳಿಯಲ್ಲ. ಶಾಖಕ್ಕೆ ಬಿಡುವ ಅಂಟನ್ನು ಎಂಜಿನಿನ ಪಕ್ಕದಲ್ಲಿ ಹಾಕುವಂತಿಲ್ಲ. ಬಿಡುವ ಮಟ್ಟವು ಬಹಳ ಮೇಲಿದ್ದರೂ, ಅದಕ್ಕಿಂತ ಕೆಳಗಿನ ಶಾಖದಲ್ಲಿಯೇ ಭಾರಹೊತ್ತ ಅಂಟು ವರ್ಷಗಟ್ಟಲೆಯಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರುವ ಸಂಭವವುಂಟು. ಕೈಬಿಡಲು ಸುಲಭವಾದಷ್ಟೂ ಹಿಡಿತವು ಸಂದೇಹಕ್ಕೆ ಗುರಿಯಾಗುವುದು. ಆದುದರಿಂದಲೇ ವಿಮಾನದ ರೆಕ್ಕೆಯಂತಹ ಸ್ಥಳಗಳಿಗೆ ಇವು ಬರುವುದು ತಡವಾಗಿಯೇ, ಬಹಳ ಪರೀಕ್ಷೆಗಳ ನಂತರವೇ. ಅಲ್ಲಿ ಅವಸರಪಡುವವರನ್ನು ನಾವು ಹೊಗಳಲಾರೆವು.

ಎರಡನೆಯದು ಹಣದ ಮಾತು. ಇಂಗಾಲದ ನಾರು ದುಬಾರಿ; ಅದನ್ನು ಹಿಂದಕ್ಕೆ ಪಡೆದರೆ ಶ್ರಮಕ್ಕೆ ತಕ್ಕ ಬೆಲೆ ಬರುವುದು. ಗಾಜಿನ ನಾರು ಅಗ್ಗ. ಮುದುಕ ರೆಕ್ಕೆಯನ್ನು ಬೆಟ್ಟದಿಂದಿಳಿಸಿ, ಕತ್ತರಿಸಿ, ಲಾರಿಯಲ್ಲಿ ಹೊತ್ತು, ಆಮ್ಲದ ತೊಟ್ಟಿಯಲ್ಲಿ ನೆನೆಯಿಟ್ಟು ತೆಗೆದ ನಾರು ಹೊಸ ನಾರಿಗಿಂತ ಹೆಚ್ಚು ಬೆಲೆಯದಾಗಿಬಿಡಬಹುದು. ಬಿಡಿಸಲು ಬರುವುದು ಎಂಬುದು ಬೇರೆ, ಯಾರಾದರೂ ಬಿಡಿಸುವರು ಎಂಬುದು ಬೇರೆ. ಜಾಹೀರಾತುಗಳು ಮೊದಲನೆಯದನ್ನು ಹೇಳಿ ಎರಡನೆಯದನ್ನು ಓದುಗನು ಊಹಿಸಿಕೊಳ್ಳುವಂತೆ ಬಿಡುವುವು. ಹೂಳುವುದನ್ನು ನಿಷೇಧಿಸುವ ಕಾನೂನೋ, ಮಾರಿದವನೇ ಹಿಂದಕ್ಕೆ ಕೊಳ್ಳಬೇಕೆಂಬ ಕರಾರೋ ಇಲ್ಲದೆ ಈ ತೊಟ್ಟಿಗಳು ತುಂಬಲಾರವು ಎಂದು ನಮ್ಮ ಅಭಿಪ್ರಾಯ.

ಈಗಾಗಲೇ ಹಳೆಯ ಎಪಾಕ್ಸಿಯಿಂದ ಮಾಡಿ ನಿಲ್ಲಿಸಿರುವ ರೆಕ್ಕೆಗಳ ಗತಿಯೇನೆಂದು ಕೇಳುವವರಿಗೂ ಒಂದಿಷ್ಟು ಭರವಸೆಯುಂಟು. ೨೦೨೩ರಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾನಿಲಯದವರು ರುಥೀನಿಯಂ ಎಂಬ ಅಪರೂಪದ ಲೋಹದ ಸಹಾಯದಿಂದ ಸಾಧಾರಣ ಎಪಾಕ್ಸಿಯ ಬಲೆಯನ್ನೇ ಕತ್ತರಿಸಿ, ನಾರನ್ನೂ ರಾಳದ ಮೂಲದ್ರವ್ಯವನ್ನೂ ಬೇರ್ಪಡಿಸಿ ತೋರಿಸಿದರು. ಆ ಲೋಹದ ಬೆಲೆಯನ್ನು ನೆನೆದರೆ ಇದು ಸದ್ಯಕ್ಕೆ ಪ್ರಯೋಗಶಾಲೆಯ ಮೇಜಿನ ಮೇಲಿನ ಗೆಲವು.

ಕಡೆಯ ತೊಡಕು ಮರೆವಿನದು. ಕಾಸ್ಕಾಸಿಯ ರೆಕ್ಕೆಗಳು ಇಳಿಯುವ ಹೊತ್ತಿಗೆ ಈ ಶತಮಾನದ ಅರ್ಧವು ಕಳೆಯುತ್ತ ಬಂದಿರುವುದು. ಅವನ್ನು ಮಾಡಿದ ಎಂಜಿನಿಯರರು ನಿವೃತ್ತರಾಗಿರುವರು. ಸಂಸ್ಥೆಗಳು ಹೆಸರು ಬದಲಾಯಿಸಿರಬಹುದು. ಹುಳಿಗೆ ಬಿಡುವ ಅಂಟೋ, ಬಿಸಿಗೆ ಬಿಡುವ ಅಂಟೋ, ಯಾವುದಕ್ಕೂ ಬಿಡದ ಹಳೆಯ ಅಂಟೋ ಎಂಬುದು ನೋಟಕ್ಕೆ ತಿಳಿಯುವಂತಹುದಲ್ಲ. ಮೂರೂ ಬಿಳಿಯ ಬಣ್ಣದ ಒಳಗೆ ಅಡಗಿರುವುವು. ವಿದ್ಯುತ್ ವಾಹನಗಳ ಬ್ಯಾಟರಿಗಳಿಗೆ ೨೦೨೭ರಿಂದ ಒಂದೊಂದು ರಹದಾರಿ ಪತ್ರವಿರಬೇಕೆಂದು ಯೂರೋಪಿನ ಅದೇ ಶಾಸನವು ವಿಧಿಸಿರುವುದು. ಒಳಗಿರುವ ಪದಾರ್ಥಗಳಾವುವು, ಬಿಚ್ಚುವ ಬಗೆ ಹೇಗೆ ಎಂಬುದೆಲ್ಲ ಅದರಲ್ಲಿ ದಾಖಲಾಗಬೇಕು. ಗಾಳಿಯಂತ್ರದ ರೆಕ್ಕೆಯ ಬುಡದಲ್ಲಿಯೂ ಇಂತಹ ಒಂದು ಫಲಕವನ್ನು ಈಗಲೇ ಕೂರಿಸುವುದೊಳ್ಳೆಯದು. ಅದನ್ನು ಮಾತ್ರ ಯಾವ ಹುಳಿಗೂ ಬಿಡದ ಅಂಟಿನಿಂದ ಅಂಟಿಸಬೇಕಾದೀತು.